ರಾಜನ ಮುನಿಸು, ನಿಮ್ಮ ಏಟು

ನಮಸ್ಕಾರ.

ನಿಮ್ಮ ಬೆಕ್ಕು ರಾಜನ ಬಗ್ಗೆ ಬರೆದು ಕಳಿಸಿದ ‘ಮುನಿಸಿಕೊಂಡ ಮಹಾರಾಜ’ ಓದಿದೆ. ಭಾಷೆ ಸಲೀಸಾಗಿದೆ, ನಗಿಸುತ್ತೀರಿ, ಕಾಗುಣಿತದ ತಪ್ಪು ಕಡಿಮೆ. ಇಷ್ಟು ಹೇಳಿ ‘ಸದ್ಯಕ್ಕೆ ಬಳಸಿಕೊಳ್ಳಲಾಗುತ್ತಿಲ್ಲ’ ಅಂತ ವಾಪಸ್ ಕಳಿಸಬಹುದಿತ್ತು. ಆದರೆ ಓದಿ ಮುಗಿಸುವಷ್ಟರಲ್ಲಿ ಸಿಟ್ಟು ಬಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಹೇಳುವ ಕತೆ ಇಷ್ಟು: ಮನೆಯವರೆಲ್ಲ ನಾಲ್ಕು ದಿನ ಹೊರಗೆ ಹೋಗಿದ್ದಿರಿ. ಪಕ್ಕದ ಮನೆಯವರು ಬಂದು ಬೆಕ್ಕಿಗೆ ಊಟ ಹಾಕಿ ಹೋಗುತ್ತಿದ್ದರು. ನೀವು ವಾಪಸ್ ಬಂದಾಗ ರಾಜ ಹತ್ತಿರ ಸುಳಿಯಲಿಲ್ಲ. ಮರುದಿನ ಹಾಸಿಗೆ ಒದ್ದೆ ಮಾಡಿದ. ಆಮೇಲೆ ಎರಡು ವಾರ ನಿಮ್ಮ ತೊಡೆ ಏರಲಿಲ್ಲ. ಬೆಕ್ಕಿನಷ್ಟು ಸೇಡಿನ ಪ್ರಾಣಿ ಇನ್ನೊಂದಿಲ್ಲ ಅನ್ನುವುದು ನಿಮ್ಮ ತೀರ್ಮಾನ. ಸೋಫಾ ಪರಚಿದ್ದು, ನಡುರಾತ್ರಿ ಕೂಗಿದ್ದು, ಲೋಟ ಬೀಳಿಸಿದ್ದು, ಇವನ್ನೆಲ್ಲ ನಾನು ಮುಟ್ಟುವುದಿಲ್ಲ. ನನ್ನ ತಕರಾರು ಕೆಲವು ಸಾಲುಗಳ ಮೇಲೆ ಮಾತ್ರ.

‘ಬಾಗಿಲು ತೆಗೆದರೆ, ರಾಜ ಬೇಕೆಂದೇ ನಮಗೆ ಬೆನ್ನು ಹಾಕಿ ಕೂತಿದ್ದ. ಕರೆದರೂ ಕೇಳಿಸದವನಂತೆ ನಟಿಸಿದ.’

‘ಬೇಕೆಂದೇ’ ಅಂತ ನಿಮಗೆ ಯಾರು ಹೇಳಿದರು? ‘ನಟಿಸಿದ’ ಅಂತ? ನೀವು ಕಂಡದ್ದು ಒಂದು ಬೆನ್ನು, ಅಷ್ಟೇ. ಬೆಕ್ಕುಗಳ ನಡುವೆ ನೆಟ್ಟ ದೃಷ್ಟಿ ಅಂದರೆ ಸವಾಲು. ಮುಖ ಆಚೆ ತಿರುಗಿಸುವುದು ಜಗಳ ಬೇಡ ಅನ್ನುವ ರೀತಿ. ನಾಲ್ಕು ದಿನ ಸದ್ದಿಲ್ಲದ ಮನೆಗೆ ನೀವೆಲ್ಲ ಒಟ್ಟಿಗೆ ನುಗ್ಗಿದಿರಿ, ಜೊತೆಗೆ ಎಲ್ಲೆಲ್ಲಿಯದೋ ವಾಸನೆ ಹತ್ತಿದ ಬ್ಯಾಗುಗಳು. ಮೂಗಿನಿಂದಲೇ ಅರ್ಧ ಲೋಕ ತಿಳಿಯುವ ಪ್ರಾಣಿ ಸ್ವಲ್ಪ ದೂರ ಕೂತರೆ ತಪ್ಪೇನು? ಕರೆದಾಗ ಅವನ ಕಿವಿ ನಿಮ್ಮ ಕಡೆ ತಿರುಗಿತಾ? ಅದನ್ನು ಬರೆದಿಲ್ಲ. ಜಪಾನಿನ ಸಂಶೋಧಕಿ ಅತ್ಸುಕೊ ಸೈಟೊ ಮತ್ತು ಅವರ ಸಹೋದ್ಯೋಗಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಕ್ಕುಗಳಿಗೆ ಅಪರಿಚಿತರ ದನಿ, ಸಾಕಿದವರ ದನಿ ಎರಡನ್ನೂ ಕೇಳಿಸಿದರು. ಸಾಕಿದವರ ದನಿಯನ್ನು ಅವು ಗುರುತಿಸಿದವು. ಆದರೆ ಅದು ಗೊತ್ತಾದದ್ದು ಕಿವಿ, ತಲೆಯ ಚಲನೆಯಿಂದ. ಎದ್ದು ಓಡಿಬಂದು ಅಲ್ಲ. ನೀವು ನೋಡಬೇಕಿದ್ದದ್ದು ಆ ಎರಡು ಕಿವಿಗಳನ್ನು.

ಇನ್ನು ನನಗೆ ನಿಜವಾಗಿ ಸಿಟ್ಟು ತರಿಸಿದ ಸಾಲು: ‘ಮರುದಿನ ಸೇಡು ತೀರಿಸಿಕೊಂಡ. ನನ್ನದೇ ಹಾಸಿಗೆಗೆ ಮೂತ್ರಾಭಿಷೇಕ!’

ಓದುಗರು ನಗುತ್ತಾರೆ, ನಿಜ. ಆದರೆ ಆ ನಗುವಿನ ಅಡಿಯಲ್ಲಿ ಎಷ್ಟು ಮುಖ್ಯ ಸಂಗತಿ ಮುಚ್ಚಿಹೋಯಿತು ನೋಡಿ. ಹಾಸಿಗೆಯ ಮೇಲೆ ಕೆಲವೇ ಹನಿ ಇತ್ತಾ, ದೊಡ್ಡ ಕಲೆಯಾ? ಕುಕ್ಕರುಗಾಲಲ್ಲಿ ಕೂತು ಹೊಯ್ದನಾ, ಅಥವಾ ಬಾಲ ಎತ್ತಿ ನಡುಗಿಸುತ್ತಾ ನಿಂತು ಗೋಡೆಗೆ ಚಿಮ್ಮಿಸಿದನಾ? ಮೊದಲನೆಯದು ಮೂತ್ರ ವಿಸರ್ಜನೆ, ಎರಡನೆಯದು ಗುರುತು ಹಾಕುವುದು, ಎರಡಕ್ಕೂ ಕಾರಣ ಬೇರೆ. ಅವತ್ತು ಎಷ್ಟು ಸಲ ಹೋಗಿ ಕೂತ? ಪಕ್ಕದ ಮನೆಯವರು ಊಟ ಹಾಕಿದರು ಅಂದಿರಿ, ಲಿಟರ್ ಬಾಕ್ಸ್, ಅಂದರೆ ಅವನ ಮಲಮೂತ್ರದ ಪೆಟ್ಟಿಗೆ, ಯಾರು ಚೊಕ್ಕ ಮಾಡಿದರು? ತನ್ನ ಮಲಮೂತ್ರವನ್ನು ಕೆದರಿ ಮುಚ್ಚುವ ಪ್ರಾಣಿಗೆ ನಾಲ್ಕು ದಿನದ ಗಲೀಜು ಪೆಟ್ಟಿಗೆ ಕೊಟ್ಟರೆ ಅದು ಬೇರೆ ಮೆತ್ತನೆಯ ಜಾಗ ಹುಡುಕುತ್ತದೆ.

ಹಾಸಿಗೆಯೇ ಯಾಕೆ? ಮನೆಯಲ್ಲಿ ನಿಮ್ಮ ವಾಸನೆ ಎಲ್ಲಕ್ಕಿಂತ ಜಾಸ್ತಿ ಇರುವುದು ಅಲ್ಲೇ. ಸಾಕಿದವರಿಂದ ಅಗಲಿದ ಆತಂಕದಿಂದ ಬಳಲುತ್ತಿದ್ದ 136 ಬೆಕ್ಕುಗಳ ಬಗ್ಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅದರಲ್ಲೂ ಕಂಡಕಂಡಲ್ಲಿ ಮೂತ್ರ ಮಾಡಿದ ಬೆಕ್ಕುಗಳಲ್ಲಿ ಹೆಚ್ಚಿನವು ಆರಿಸಿಕೊಂಡದ್ದು ಒಡೆಯರ ಹಾಸಿಗೆಯನ್ನೇ. ಇದು ಸೇಡಾಗಬೇಕಾದರೆ ಬೆಕ್ಕಿಗೆ ಒಂದಷ್ಟು ಗೊತ್ತಿರಬೇಕು: ಮೂತ್ರ ನಿಮಗೆ ಅಸಹ್ಯ, ನಾಳೆ ನೀವದನ್ನು ಕಾಣುತ್ತೀರಿ, ಕಂಡು ನೊಂದುಕೊಳ್ಳುತ್ತೀರಿ. ಇಷ್ಟೆಲ್ಲ ಲೆಕ್ಕ ಹಾಕುವ ತಲೆಯನ್ನು ರಾಜನಿಗೆ ನೀವೇ ದಾನ ಮಾಡಿದ್ದೀರಿ.

ಇನ್ನೊಂದು ವಿಷಯ, ಇದು ಬರಹದ ಮಾತಲ್ಲ. ಮನೆಯ ದಿನಚರಿ ಏರುಪೇರಾದಾಗ ಬೆಕ್ಕುಗಳಿಗೆ ಸೋಂಕಿಲ್ಲದೆಯೂ ಮೂತ್ರಕೋಶದ ಉರಿಯೂತ ಬರಬಹುದು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಣ್ಣದು. ಅದು ಪೂರ್ತಿ ಕಟ್ಟಿಕೊಂಡರೆ ಕೆಲವೇ ದಿನಗಳಲ್ಲಿ ಜೀವ ಹೋಗುತ್ತದೆ. ರಾಜ ಮತ್ತೆ ಮತ್ತೆ ಕೂತು, ತಿಣುಕಿ, ಏನೂ ಬರದೆ ಎದ್ದು ಹೋಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇದು ನನಗೆ ಇಷ್ಟು ತಟ್ಟಲು ಕಾರಣವಿದೆ. ನಾನು ಕೆಲಸ ಕಲಿತದ್ದು ಒಂದು ವಾರಪತ್ರಿಕೆಯ ಮೂಲೆ ಮೇಜಿನಲ್ಲಿ. ಸಾಕುಪ್ರಾಣಿಗಳ ಬಗ್ಗೆ ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ, ಇಂಥದೊಂದು ಅಂಕಣ ಇತ್ತು. ಬಂದ ಪತ್ರಗಳನ್ನು ನಾಲ್ಕೈದು ಸಾಲಿಗೆ ಇಳಿಸಿ ಡಾಕ್ಟರ ಮುಂದಿಡುವುದು ನನ್ನ ಪಾಲಿನ ಕೆಲಸ. ಮೊದಲ ದಿನವೇ ಅವರು ಹೇಳಿದ್ದರು: “ನೋಡಪ್ಪಾ, ದುಷ್ಟ, ಕೃತಘ್ನ, ಹಟಮಾರಿ, ಇವನ್ನೆಲ್ಲ ಎಷ್ಟು ಬೇಕಾದರೂ ಹೊಡೆದುಹಾಕು. ಎಷ್ಟು ಹೊತ್ತಿಗೆ, ಎಷ್ಟು ಸಲ, ಎಲ್ಲಿ ಅನ್ನೋದನ್ನ ಮಾತ್ರ ಮುಟ್ಟಬೇಡ. ನಾನು ಓದೋದು ಅದನ್ನೇ.” ಒಂದು ದಿನ ಒಬ್ಬರು ಪತ್ರವನ್ನು ಕೈಯಲ್ಲೇ ತಂದುಕೊಟ್ಟು ಹೋದರು. ಎರಡು ಪುಟ ತುಂಬ ಬೆಕ್ಕಿಗೆ ಬೈಗುಳ. ಕೊನೆಗೆ, ಅಂಚಿನಲ್ಲಿ, ಚಿಕ್ಕ ಅಕ್ಷರದಲ್ಲಿ: ‘ಬೆಳಗಿನಿಂದ ಆರು ಸಲ ಹೋಗಿ ಕೂತಿದೆ, ಏನೂ ಮಾಡಿಲ್ಲ.’ ಡಾಕ್ಟರು ಆ ಅಂಚು ಓದಿದವರೇ ಉತ್ತರ ಬರೆಯಲಿಲ್ಲ, ಫೋನ್ ಎತ್ತಿಕೊಂಡರು. ಆ ವಾರ ಅಂಕಣಕ್ಕೆ ಬೇರೆ ಪತ್ರ ಹಾಕಿದೆವು. ಅವತ್ತಿನಿಂದ ಯಾವ ಬರಹ ಬಂದರೂ ನಾನು ಮೊದಲು ಅಂಚು ನೋಡುತ್ತೇನೆ. ನಿಮ್ಮ ಬರಹಕ್ಕೆ ಅಂಚೇ ಇಲ್ಲ. ಬರೀ ಬೈಗುಳ, ಅದೂ ಚೆಂದದ ಬೈಗುಳ.

ಮುಂದಿನ ಸಾಲು: ‘ಎರಡು ಏಟು ಕೊಟ್ಟೆ. ತಪ್ಪಿನ ಅರಿವಾಗಿ ಮಂಚದಡಿ ನುಸುಳಿದ.’

ಏಟು ಬಿದ್ದರೆ ಯಾರಾದರೂ ಓಡುತ್ತಾರೆ, ಅದಕ್ಕೆ ಅರಿವು ಬೇಕಿಲ್ಲ. ನಾಯಿಗಳ ‘ತಪ್ಪಿತಸ್ಥ ಮುಖ’ದ ಬಗ್ಗೆ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರ 2009ರ ಪ್ರಯೋಗ ಇದೆ. ಬೇಡ ಅಂದ ತಿಂಡಿಯನ್ನು ತಿಂದ ನಾಯಿ, ತಿನ್ನದ ನಾಯಿ, ಬೈಸಿಕೊಂಡರೆ ಎರಡೂ ಅದೇ ಮುಖ ಮಾಡಿದವು. ತಿನ್ನದೆ ಬೈಸಿಕೊಂಡದ್ದರ ಮುಖ ಇನ್ನೂ ಜೋರಾಗಿತ್ತು. ಬೆಕ್ಕು ನಾಯಿಯಲ್ಲ, ಒಪ್ಪಿದೆ. ಆದರೆ ನೋಡುವ ಕಣ್ಣು ನಮ್ಮದೇ ಅಲ್ವಾ? ಯಾವಾಗಲೋ ಒದ್ದೆಯಾದ ಹಾಸಿಗೆಗೂ ಈಗ ಬಿದ್ದ ಏಟಿಗೂ ರಾಜ ಗಂಟು ಹಾಕಲಾರ. ಅವನು ಕಲಿತದ್ದು ಒಂದೇ, ಈ ಕೈ ಹೊಡೆಯುತ್ತದೆ ಅಂತ.

ಇದಾಗಿ ಎರಡೇ ಸಾಲಿನ ಕೆಳಗೆ ನೀವು ಬರೆಯುತ್ತೀರಿ: ‘ಆಮೇಲೆ ಎರಡು ವಾರ ನನ್ನ ತೊಡೆ ಏರಲಿಲ್ಲ. ಎಂಥ ಹಟ!’ ಇದನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಕಾರಣ ಮೇಲಿನ ಸಾಲಲ್ಲೇ ಕೂತಿದೆ ಸ್ವಾಮಿ! ಇಡೀ ಬರಹದಲ್ಲಿ ಏನೇ ನಡೆದರೂ ಮಾಡುವವನು ಬೆಕ್ಕು, ನೀವು ಬರೀ ಅನುಭವಿಸುವವರು. ನೀವು ಮಾಡಿದ್ದು ಅಂತ ಇರುವುದು ಎರಡೇ: ಮನೆ ಬಿಟ್ಟು ಹೋದದ್ದು, ಹೊಡೆದದ್ದು. ಅವೆರಡೂ ಅರ್ಧ ಸಾಲಲ್ಲಿ ಮುಗಿದಿವೆ.

ನಿಮಗೆ ನೋಡಲು ಬರುವುದಿಲ್ಲ ಅಂತಲ್ಲ. ‘ಕಪಾಟಿನ ಮೇಲಿಂದ ಅಮ್ಮನನ್ನೇ ನೋಡುತ್ತಾ ನಿಧಾನವಾಗಿ ಕಣ್ಣು ಮುಚ್ಚಿದ, ನಿಧಾನವಾಗಿ ತೆರೆದ’ ಅಂತ ಒಂದು ಕಡೆ ಬರೆದಿದ್ದೀರಿ. ಚೆನ್ನಾಗಿ ನೋಡಿದ್ದೀರಿ. ಮರುಗಳಿಗೆಗೇ ‘ಅಹಂಕಾರ ನೋಡಿ!’ ಅಂತ ಸೇರಿಸಿ ಕೆಡಿಸಿದಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದೇ ನಿಧಾನದ ಕಣ್ಣು ಮಿಟುಕಿಸುವಿಕೆಯ ಬಗ್ಗೆ ಬರೆದಿದ್ದಾರೆ. ಮನುಷ್ಯರು ಹಾಗೆ ಮಿಟುಕಿಸಿದರೆ ಬೆಕ್ಕುಗಳೂ ಮಿಟುಕಿಸುವುದು ಜಾಸ್ತಿ, ಗುರುತಿಲ್ಲದವರು ಚಾಚಿದ ಕೈಯ ಹತ್ತಿರ ಬರುವುದೂ ಜಾಸ್ತಿ. ರಾಜ ನಿಮ್ಮ ಅಮ್ಮನನ್ನು ನೆಚ್ಚಿದ್ದಾನೆ. ಅವರು ಅವನಿಗೆ ಹೊಡೆದಿಲ್ಲ ಅಂತ ಕಾಣುತ್ತದೆ.

ಕೊನೆಯ ಪ್ಯಾರಾದ ನೀತಿಪಾಠ ಪೂರ್ತಿ ಹೊಡೆದುಹಾಕಿದ್ದೇನೆ. ತಿದ್ದಿ ಕಳಿಸುವುದಾದರೆ, ಬರೆಯುವ ಮುಂಚೆ ಪಕ್ಕದ ಮನೆಯವರನ್ನು ಕೇಳಿ: ಆ ನಾಲ್ಕು ದಿನ ದಿನಕ್ಕೆ ಎಷ್ಟು ಸಲ ಬಂದರು, ಎಷ್ಟು ಹೊತ್ತು ಕೂತರು, ಲಿಟರ್ ಬಾಕ್ಸ್ ಚೊಕ್ಕ ಮಾಡಿದರಾ, ರಾಜ ಊಟ ಮುಟ್ಟಿದನಾ. ಅವರ ಉತ್ತರ ಹೇಗಿದೆಯೋ ಹಾಗೇ ಬರಹದಲ್ಲಿ ಬರಲಿ.