ಸ್ಯಾಂಪಲ್ ನಾಲ್ಕು ಪಟ್ಟು ಮಾಡಿದರೂ ರೆಂಡರ್‌ನಲ್ಲಿ ನಾಯ್ಸ್ ಯಾಕೆ ಹೋಗುವುದಿಲ್ಲ?

3D ದೃಶ್ಯವನ್ನು ಚಿತ್ರವಾಗಿಸುವಾಗ (ರೆಂಡರ್) ಪ್ರತಿ ಪಿಕ್ಸೆಲ್‌ಗೆ ಬಿಡುವ ಕಿರಣಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, 256ರಿಂದ 1024ಕ್ಕೆ ಏರಿಸಿದರೂ ಚಿತ್ರದಲ್ಲಿ ಕಾಣುವ ಕಾಳುಕಾಳು (ನಾಯ್ಸ್) ಅರ್ಧದಷ್ಟೇ ಇಳಿಯಿತು, ಅಲ್ಲಲ್ಲಿ ಬಿಳಿ ಚುಕ್ಕೆಗಳು ಹಾಗೇ ಇವೆ ಅಂದಿದ್ದೀರಿ. ಸಾಫ್ಟ್‌ವೇರ್‌ನಲ್ಲಿ ತಪ್ಪಿಲ್ಲ. ರ‍್ಯಾಂಡಮ್ ಆಗಿ ಕಿರಣ ಆರಿಸಿ ಸರಾಸರಿ ತೆಗೆಯುವ ಮಾಂಟೆ ಕಾರ್ಲೊ ಲೆಕ್ಕವೇ ಹಾಗೆ, ದೋಷ ಇಳಿಯುವುದು ಸ್ಯಾಂಪಲ್ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ. ಇನ್ನೊಮ್ಮೆ ಅರ್ಧ ಮಾಡಲು 4096 ಬೇಕು. ಸುಮ್ನೆ ಸಂಖ್ಯೆ ಏರಿಸುತ್ತಾ ಹೋದರೆ ಮುಗಿಯುವುದೇ ಇಲ್ಲ.

ರ‍್ಯಾಂಡಮ್ ಬದಲು ಸಾಲಾಗಿ ಕಿರಣ ಬಿಟ್ಟರೆ ಆಗದೇ ಅಂತಲೂ ಕೇಳಿದ್ದೀರಿ. ಒಂದು ಬಿಂದುವಿಗೆ ಎಲ್ಲ ದಿಕ್ಕಿನಿಂದ ಬೆಳಕು ಬರುತ್ತದೆ, ಆ ಬೆಳಕು ಹೊರಟ ಜಾಗಕ್ಕೂ ಮತ್ತೆ ಎಲ್ಲ ದಿಕ್ಕಿನಿಂದ ಬಂದಿರುತ್ತದೆ, ಹೀಗೇ ಮುಂದಕ್ಕೆ. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಜೇಮ್ಸ್ ಕಜಿಯ 1986ರಲ್ಲಿ ಕೊಟ್ಟ ರೆಂಡರಿಂಗ್ ಸಮೀಕರಣ ಹೇಳುವುದು ಇದನ್ನೇ. ಪ್ರತಿ ಬೌನ್ಸ್‌ಗೆ (ಕಿರಣ ಒಂದು ಮೇಲ್ಮೈಗೆ ತಾಗಿ ಪುಟಿಯುವುದಕ್ಕೆ) ಬರೀ 100 ದಿಕ್ಕು ನೋಡಿದರೂ ಮೂರನೇ ಬೌನ್ಸ್ ಹೊತ್ತಿಗೆ ಕಿರಣಗಳು 10 ಲಕ್ಷ. ರ‍್ಯಾಂಡಮ್ ಆಗಿ ಒಂದೊಂದೇ ದಾರಿ ಹಿಡಿದರೆ ಬೌನ್ಸ್ ಎಷ್ಟಿದ್ದರೂ ದೋಷ ಇಳಿಯುವ ಗತಿ ಅದೇ ಇರುತ್ತದೆ.

ಹಾಗಂತ ಎಲ್ಲ ದಿಕ್ಕಿಗೂ ಸಮವಾಗಿ ಬಿಡಬೇಕಿಲ್ಲ. ಬೆಳಕು ಜಾಸ್ತಿ ಬರುವ ಕಡೆಗೇ ಹೆಚ್ಚು ಕಿರಣ ಕಳಿಸಬಹುದು. ಆ ಕಡೆಯ ಬೆಳಕನ್ನು ಹೆಚ್ಚಾಗಿ ಎಣಿಸಿದಂತೆ ಆಗುವುದಿಲ್ಲವೇ? ಇಲ್ಲ, ಯಾಕೆಂದರೆ ಪ್ರತಿ ಕಿರಣ ತಂದ ಬೆಳಕನ್ನು, ಆ ದಿಕ್ಕು ಆಯ್ಕೆಯಾಗುವ ಸಂಭವನೀಯತೆಯಿಂದ ಭಾಗಿಸುತ್ತೇವೆ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು, ಒಂದು ಭಾಗಾಕಾರದಿಂದ ಪಕ್ಷಪಾತ ಹೋಗಿಬಿಡುತ್ತದೆ! ನಿಮ್ಮ ಬಿಳಿ ಚುಕ್ಕೆಗಳ ಮೂಲವೂ ಇಲ್ಲೇ ಇದೆ. ಅಪರೂಪಕ್ಕೆ ಸಿಗುವ ದಾರಿಯೊಂದು ತುಂಬಾ ಬೆಳಕು ತಂದಾಗ ಅದನ್ನು ತೀರಾ ಚಿಕ್ಕ ಸಂಖ್ಯೆಯಿಂದ ಭಾಗಿಸಬೇಕಾಗುತ್ತದೆ, ಪಿಕ್ಸೆಲ್ ಬೆಂಕಿಯಂತೆ ಹೊಳೆಯುತ್ತದೆ. ಇವನ್ನೇ ಫೈರ್‌ಫ್ಲೈ ಅನ್ನುವುದು.

ನಿಮ್ಮ ದೃಶ್ಯದಲ್ಲಿ ಗಾಜಿನ ಗೋಳದೊಳಗೆ ಪುಟ್ಟ ಬಲ್ಬ್ ಇದೆಯಲ್ವಾ, ನಾನಾದರೆ ಮೊದಲು ಕೈ ಹಾಕುವುದು ಅದಕ್ಕೇ. ಸಾಮಾನ್ಯವಾಗಿ ಪಾತ್ ಟ್ರೇಸರ್ (ಹೀಗೆ ಬೆಳಕಿನ ದಾರಿ ಹಿಡಿದು ರೆಂಡರ್ ಮಾಡುವ ಸಾಫ್ಟ್‌ವೇರ್) ಪ್ರತಿ ಬೌನ್ಸ್‌ನಲ್ಲೂ ದೀಪದ ಕಡೆಗೆ ನೇರವಾಗಿ ಒಂದು ಕಿರಣ ಬಿಟ್ಟು ನೋಡುತ್ತದೆ. ಗಾಜು ಅಡ್ಡ ಬಂದರೆ ಆ ಕಿರಣ ಅಲ್ಲೇ ನಿಲ್ಲುತ್ತದೆ, ಆಮೇಲೆ ರ‍್ಯಾಂಡಮ್ ಕಿರಣವೊಂದು ಗಾಜಿನಲ್ಲಿ ಬಾಗಿ ಅಷ್ಟು ಸಣ್ಣ ಬಲ್ಬ್‌ಗೆ ತಾನಾಗಿ ತಾಗಬೇಕು. ಗಾಜಿನ ಗೋಳ ತೆಗೆದು ಒಮ್ಮೆ ರೆಂಡರ್ ಮಾಡಿ. ಚುಕ್ಕೆ ಹೋದರೆ ಗಾಜು ನೆರಳು ಬೀಳಿಸದಂತೆ ಸೆಟ್ ಮಾಡಿ, ಇಲ್ಲವೇ ಬಲ್ಬ್ ದೊಡ್ಡದು ಮಾಡಿ. ಉಳಿದ ನಾಯ್ಸ್ ಒರೆಸುವ ಡಿನಾಯ್ಸರ್ ಇದಾದ ಮೇಲೆ ಹಾಕಿ. ಒಂದು ಕಿರಣ ತರುವ ಬೆಳಕಿಗೆ ಮಿತಿ ಹಾಕುವ ಕ್ಲ್ಯಾಂಪ್ ಕೊನೆಗಿರಲಿ, ಅದು ಹೊಳಪಿನ ಜೊತೆ ನಿಜವಾದ ಬೆಳಕನ್ನೂ ಕತ್ತರಿಸುತ್ತದೆ. ಬೇಕೇ ಆದರೆ ಇಂಡೈರೆಕ್ಟ್‌ಗೆ (ಪುಟಿದು ಬರುವ ಬೆಳಕಿಗೆ) ಮಾತ್ರ ಹಾಕಿ, ದೊಡ್ಡ ಸಂಖ್ಯೆಯಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಇಳಿಸಿ.