ಮೇ ಲಿನ್ ಯೋಚಿಸುವ ಹಾಗಿಲ್ಲ

ಪ್ರಿಯ ಕಥೆಗಾರರೇ,

ನಿಮ್ಮ ‘ಕಪ್ಪು ಬಿಲ್ಲೆ’ ಕಥೆ ಓದಿದೆ. ಭಾಷೆ ಚೆನ್ನಾಗಿದೆ. ಲಾಸ್ ವೇಗಸ್‌ನ ಹೋಟೆಲ್ ರೂಮಿನಿಂದ ಹರ್ಷ ದಾವಣಗೆರೆಗೆ ಫೋನ್ ಮಾಡಿ, ‘ಊಟ ಆಯ್ತಮ್ಮ’ ಅಂತ ಸುಳ್ಳು ಹೇಳುವ ಜಾಗ ಇಷ್ಟವಾಯಿತು. ಆದರೆ ಐದನೇ ಪುಟಕ್ಕೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಉಳಿದದ್ದು ಬಿಟ್ಟು ಅದರ ಬಗ್ಗೆಯೇ ಬರೆಯುತ್ತೇನೆ.

ಹರ್ಷ ಪೈ ಗೌ ಟೇಬಲ್ಲಿನಲ್ಲಿ ಕೂತು ಕೊನೆಯ 200 ಡಾಲರ್ ಕಟ್ಟಿದ್ದಾನೆ. ಚುಕ್ಕೆಗಳಿರುವ ಚೀನೀ ಡಾಮಿನೋ ಬಿಲ್ಲೆಗಳು ಒಟ್ಟು 32. ಒಬ್ಬೊಬ್ಬರಿಗೆ ನಾಲ್ಕು. ಅದನ್ನು ಎರಡೆರಡಾಗಿ ದೊಡ್ಡ ಕೈ, ಚಿಕ್ಕ ಕೈ ಅಂತ ಜೋಡಿಸಬೇಕು. ಇಲ್ಲಿಯವರೆಗೆ ಸರಿಯಾಗಿಯೇ ಬರೆದಿದ್ದೀರಿ. ಆಮೇಲೆ ಆಟ ನಡೆಸುವ ಡೀಲರ್ ಮೇ ಲಿನ್ ಬಗ್ಗೆ ಈ ಮೂರು ವಾಕ್ಯ ಬರುತ್ತವೆ.

‘ಮೇ ಲಿನ್ ಹರ್ಷನ ಬಿಲ್ಲೆಗಳನ್ನು ಓರೆಗಣ್ಣಿನಿಂದ ನೋಡಿದಳು.’

ಹೇಗೆ ನೋಡುತ್ತಾಳೆ? ಆಟಗಾರರು ಜೋಡಿಸಿ ಬೋರಲಾಗಿ ಇಟ್ಟ ಮೇಲೆಯೇ ಡೀಲರ್ ತನ್ನ ಬಿಲ್ಲೆ ತಿರುಗಿಸುವುದು. ಅವಳು ಜೋಡಿಸುವಾಗ ಹರ್ಷನ ಬಿಲ್ಲೆಗಳು ಇನ್ನೂ ಮುಖ ಕೆಳಗೆ ಮಾಡಿಕೊಂಡೇ ಇರುತ್ತವೆ.

‘ತನ್ನ ನಾಲ್ಕನ್ನು ಹೇಗೆ ಜೋಡಿಸಲಿ ಎಂದು ಅವಳು ಕ್ಷಣ ಯೋಚಿಸಿದಳು.’

ಯೋಚಿಸುವ ಹಾಗೇ ಇಲ್ಲ! ಡೀಲರ್ ಹೇಗೆ ಜೋಡಿಸಬೇಕು ಅನ್ನುವುದನ್ನು ಕ್ಯಾಸಿನೊ ಮೊದಲೇ ಬರೆದಿಟ್ಟಿರುತ್ತದೆ. ಅದಕ್ಕೆ ಹೌಸ್ ವೇ ಅಂತಾರೆ. ಜೋಡಿ ಬಂದರೆ ಯಾವಾಗ ಒಡೆಯಬೇಕು, ಯಾವಾಗ ಒಡೆಯಬಾರದು, ಹನ್ನೆರಡರ ಜೊತೆ ಎಂಟೋ ಒಂಬತ್ತೋ ಬಂದರೆ ಏನು ಮಾಡಬೇಕು, ಎಲ್ಲವೂ ಅದರಲ್ಲಿದೆ. ಕ್ಯಾಸಿನೊದಿಂದ ಕ್ಯಾಸಿನೊಗೆ ಈ ನಿಯಮ ಒಂದಿಷ್ಟು ಬೇರೆ ಇರಬಹುದು. ಆದರೆ ಒಂದೇ ಟೇಬಲ್ಲಿನಲ್ಲಿ, ಒಂದೇ ನಾಲ್ಕು ಬಿಲ್ಲೆಗೆ, ಇವತ್ತೊಂದು ನಾಳೆಯೊಂದು ಇರುವುದಿಲ್ಲ.

‘ಬೇಕೆಂದೇ ದೊಡ್ಡ ಕೈ ಒಡೆದು ಅವನನ್ನು ಉಳಿಸಿದಳು.’

ಇದೇ ನಿಮ್ಮ ಕಥೆಯ ಜೀವ ಅಲ್ವಾ? ಲೆಕ್ಕ ಹಾಕೋಣ. ಅವಳಿಗೆ 12, 8, 6, 5 ಕೊಟ್ಟಿದ್ದೀರಿ. (ಆರು ಯಾವುದು ಅಂತ ಹೇಳಿಲ್ಲ. ಎರಡು-ನಾಲ್ಕರ ಬಿಲ್ಲೆಯಾದರೆ ಅದನ್ನು ಮೂರು ಅಂತಲೂ ಎಣಿಸಬಹುದು. ಒಂದು-ಐದರದ್ದು ಅಂದುಕೊಳ್ಳುತ್ತೇನೆ.) ನಾಲ್ಕು ಬಿಲ್ಲೆಯನ್ನು ಎರಡೆರಡು ಮಾಡಲು ಇರುವುದು ಮೂರೇ ದಾರಿ. ಮೊತ್ತದಲ್ಲಿ ಹತ್ತು ಕಳೆದು ಕೊನೆಯ ಅಂಕಿ ಮಾತ್ರ ಲೆಕ್ಕ. ನೀವು ಮಾಡಿಸಿದ ಹಾಗೆ 12ಕ್ಕೆ 5 ಸೇರಿಸಿದರೆ 7, ಉಳಿದದ್ದು 4. ಹರ್ಷನದು 8 ಮತ್ತು 5, ಎರಡೂ ಗೆದ್ದ. 12ಕ್ಕೆ 6 ಸೇರಿಸಿದರೆ 8, ಉಳಿದದ್ದು 3. ಎಂಟಕ್ಕೆ ಎಂಟು ಸಮವಾದಾಗ ದೊಡ್ಡ ಬಿಲ್ಲೆ ನೋಡುತ್ತಾರೆ. ಹನ್ನೆರಡಕ್ಕಿಂತ ದೊಡ್ಡದಿಲ್ಲ, ಅಲ್ಲಿಯೂ ಸಮವಾದರೆ ಬ್ಯಾಂಕರ್‌ಗೇ, ಅಂದರೆ ಇಲ್ಲಿ ಮೇ ಲಿನ್‌ಗೇ, ಸೇರುತ್ತದೆ. ಆದರೆ ಚಿಕ್ಕ ಕೈ ಹರ್ಷನದ್ದೇ. ಮೂರನೆಯದು, ನೀವು ಹೇಳುವ ‘ದೊಡ್ಡ ಕೈ’: 12 ಮತ್ತು 8 ಸೇರಿದರೆ ಅದು ಗಾಂಗ್, ಬರೀ ಒಂಬತ್ತಕ್ಕಿಂತಲೂ ಮೇಲು. ಆಗ ಉಳಿಯುವುದು 1. ಅಲ್ಲಿಯೂ ಹರ್ಷ ಒಂದು ಸೋತು ಒಂದು ಗೆಲ್ಲುತ್ತಾನೆ. ಒಂದು ಸೋಲು, ಒಂದು ಗೆಲುವು ಅಂದರೆ ಪುಶ್, ಕಟ್ಟಿದ ದುಡ್ಡು ವಾಪಸ್.

ಅಂದರೆ ಹರ್ಷ ಸೋಲುವ ದಾರಿಯೇ ಇರಲಿಲ್ಲ. ಮೇ ಲಿನ್ ಕೆಲಸ ಪಣಕ್ಕಿಟ್ಟು ಅವನನ್ನು ಯಾವುದರಿಂದ ಉಳಿಸಿದಳು? (ಗೆದ್ದ 200ರಲ್ಲಿ 5% ಕಮಿಷನ್ ಮುರಿದು 190 ಕೊಡುತ್ತಾರೆ. ನೀವು ಪೂರ್ತಿ ಕೊಟ್ಟಿದ್ದೀರಿ, ಧಾರಾಳಿಗಳು.) ಡೀಲರ್ ತಪ್ಪಾಗಿ ಜೋಡಿಸಿದರೆ ಮೇಲ್ವಿಚಾರಕರು ಬಂದು ನಿಯಮದ ಪ್ರಕಾರ ಮತ್ತೆ ಜೋಡಿಸುತ್ತಾರೆ. ತಲೆಯ ಮೇಲೆ ಕ್ಯಾಮೆರಾ ಬೇರೆ.

ವಾರಪತ್ರಿಕೆಯೊಂದರಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಕಥೆ ಬಂದಿತ್ತು. ಪೋಸ್ಟ್‌ಮ್ಯಾನ್ ಅಜ್ಜಿಗೆ ಮನಿಯಾರ್ಡರ್ ದುಡ್ಡು ಕೊಡುತ್ತಾನೆ, ಹೊರಟು ಹೋಗುತ್ತಾನೆ. ನಮ್ಮ ಹಿರಿಯ ಉಪಸಂಪಾದಕರು ನಶ್ಯದ ಡಬ್ಬಿ ಮುಚ್ಚಿ, ‘ಅಜ್ಜಿಗೆ ಓದು ಬರಹ ಬರುತ್ತಾ? ಹೋಗಿ ಪೋಸ್ಟಾಫೀಸಲ್ಲಿ ಕೇಳ್ಕೊಂಡು ಬಾ’ ಅಂದರು. ಬಿಸಿಲಲ್ಲಿ ಬೈದುಕೊಂಡೇ ಹೋದೆ. ಓದು ಬಾರದವರ ಹೆಬ್ಬೆಟ್ಟಿಗೆ ಒಬ್ಬ ಸಾಕ್ಷಿ ಸಹಿ ಹಾಕಬೇಕಂತೆ. ಲೇಖಕರಿಗೆ ಹಾಗೇ ಬರೆದು ಕಳಿಸಿದೆವು. ತಿದ್ದಿದ ಕಥೆಯಲ್ಲಿ ಪಕ್ಕದ ಮನೆಯವಳು ಸಾಕ್ಷಿಯಾಗಿ ಬಂದಿದ್ದಳು. ಮಗ ಎಷ್ಟು ಕಮ್ಮಿ ಕಳಿಸಿದ್ದಾನೆ ಅನ್ನುವುದು ಅವಳ ಬಾಯಿಂದ ಊರಿಗೆಲ್ಲ ಗೊತ್ತಾಗಿತ್ತು. ಮೊದಲಿನ ಕಥೆಯಲ್ಲಿ ಅವಳು ಇರಲೇ ಇಲ್ಲ.

ನಿಮಗೂ ಅಂಥದ್ದೊಂದು ಬಾಗಿಲಿದೆ. ಜೋಡಿಸಲು ಗೊತ್ತಾಗದ ಆಟಗಾರ ಡೀಲರ್‌ನನ್ನೇ ಕೇಳಬಹುದು. ಅವಳು ಅವನ ಬಿಲ್ಲೆಗಳನ್ನೂ ಹೌಸ್ ವೇ ಪ್ರಕಾರ ಜೋಡಿಸಿಕೊಡುತ್ತಾಳೆ. ಹರ್ಷ ಕೇಳಲಿ. ಅವಳು ಜೋಡಿಸಿಕೊಡಲಿ. ಅವಳೇ ಜೋಡಿಸಿದ ಕೈಯನ್ನು ಅವಳೇ ಸೋಲಿಸಲಿ, 200 ಡಾಲರ್ ಎಳೆದುಕೊಳ್ಳಲಿ. ಆಗ ಅವಳ ಮುಖ ಹೇಗಿತ್ತು ಅಂತ ಬರೆಯಿರಿ.

ಗೋಡೆಯ ಮೇಲಿನ ಕೆಂಪು ಡ್ರ್ಯಾಗನ್ ತೆಗೆಯಿರಿ, ಏನೂ ಕೆಲಸ ಮಾಡುತ್ತಿಲ್ಲ. ಈ ಸಲದ ದೀಪಾವಳಿ ಸಂಚಿಕೆಗೆ ಆಗುವುದಿಲ್ಲ. ತಿದ್ದಿ ಕಳಿಸಿದರೆ ಯುಗಾದಿಗೆ ನೋಡೋಣ.