ಗಂಡನಿಗೂ ಹೇಳದೆ ಮುಚ್ಚಿಟ್ಟ ಉಗ್ಗು

ಪ್ರಶ್ನೆ: ನನಗೆ 31 ವರ್ಷ. ಮದುವೆಯಾಗಿ ಐದು ವರ್ಷವಾಯಿತು. ಚಿಕ್ಕಂದಿನಿಂದ ನನಗೆ ಉಗ್ಗು ಇದೆ. ಆದರೆ ಅದು ಯಾರಿಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ. ಯಾವ ಪದದಲ್ಲಿ ಸಿಕ್ಕಿಹಾಕಿಕೊಳ್ಳುತ್ತೇನೆ ಅನ್ನೋದು ಅದು ಬಾಯಿಗೆ ಬರುವ ಮೊದಲೇ ನನಗೆ ತಿಳಿದುಬಿಡುತ್ತದೆ. ತಕ್ಷಣ ಬೇರೆ ಪದ ಹಾಕುತ್ತೇನೆ. ಸಿಗದಿದ್ದರೆ ಕೆಮ್ಮುತ್ತೇನೆ, ಮರೆತವಳ ಹಾಗೆ ಮಾಡುತ್ತೇನೆ, 'ಗೊತ್ತಿಲ್ಲ' ಅಂದುಬಿಡುತ್ತೇನೆ. ಎಲ್ಲರೂ ನನ್ನನ್ನು ಮಿತಭಾಷಿ, ಗಂಭೀರ ಅಂದುಕೊಂಡಿದ್ದಾರೆ. ಈಗ ಆರು ತಿಂಗಳ ಗರ್ಭಿಣಿ. ಅವರು ಆಸೆಪಟ್ಟು ಮಗುವಿಗೆ ಒಂದು ಹೆಸರು ಹುಡುಕಿದ್ದಾರೆ. ನಾನು ಯಾವಾಗಲೂ ಸಿಕ್ಕಿಕೊಳ್ಳುವ ಅಕ್ಷರದಿಂದಲೇ ಅದು ಶುರುವಾಗುತ್ತದೆ. ನನಗೂ ಆ ಹೆಸರು ಇಷ್ಟ. ಆದರೆ 'ಚೆನ್ನಾಗಿಲ್ಲ' ಅಂದೆ. ಅವರ ಮುಖ ಸಪ್ಪಗಾಯಿತು. ಮುಸುಕು ಹಾಕಿಕೊಂಡೇ ಸಂಸಾರ ಮಾಡುತ್ತಿದ್ದೇನೆ ಅನ್ನಿಸುತ್ತಿದೆ. ಈಗ ಹೇಳಿದರೆ ಇಷ್ಟು ವರ್ಷ ಮೋಸ ಮಾಡಿದಳು ಅಂದುಕೊಳ್ಳುವುದಿಲ್ಲವೇ? ಆಫೀಸಿನಲ್ಲೂ ಹೇಳಬೇಕಾ? ಮಗುವಿಗೂ ಬಂದರೆ?
- ಹೆಸರು ಬೇಡ

ಉತ್ತರ: ನಿಮ್ಮನ್ನು ಜಾಸ್ತಿ ಸುಡುತ್ತಿರುವ ಮಾತಿಗೇ ಮೊದಲು ಬರುತ್ತೇನೆ. ನೀವು ಮೋಸ ಮಾಡಿಲ್ಲ. ಎದುರಿನವರಿಂದ ಏನನ್ನೋ ಕಿತ್ತುಕೊಳ್ಳೋಕೆ ಸುಳ್ಳು ಹೇಳಿದರೆ ಮೋಸ. ನೀವು ಪೆಟ್ಟು ಬೀಳದಿರಲಿ ಅಂತ ಮುಖ ಮುಚ್ಚಿಕೊಂಡಿರಿ, ಅಷ್ಟೇ. ಅದೂ ಈಗ ಅಲ್ಲ, ತುಂಬಾ ಚಿಕ್ಕವರಿದ್ದಾಗ. ಉಗ್ಗು ಇರುವ ಎಷ್ಟೋ ಜನ ಇದನ್ನೇ ಹೇಳುತ್ತಾರೆ. ತರಗತಿಯಲ್ಲಿ ಎದ್ದು ನಿಂತು ಪಾಠ ಓದುವಾಗಲೋ, ಹಾಜರಿ ಹೇಳುವಾಗಲೋ ಮಾತು ಸಿಕ್ಕಿಕೊಳ್ಳುತ್ತದೆ, ಯಾರೋ ನಗುತ್ತಾರೆ, ಮನೆಯಲ್ಲಿ 'ನಿಧಾನಕ್ಕೆ ಮಾತಾಡು' ಅಂತ ಗದರಿಕೆ ಬೀಳುತ್ತದೆ, ಇನ್ಮೇಲೆ ಯಾರಿಗೂ ತೋರಿಸಬಾರದು ಅಂತ ಆ ಪುಟ್ಟ ಜೀವ ಒಳಗೇ ತೀರ್ಮಾನ ಮಾಡಿಕೊಂಡುಬಿಡುತ್ತದೆ. ನಿಮಗೂ ಹಾಗೇ ಆಗಿದ್ದರೆ, ಆ ತೀರ್ಮಾನ ಮಾಡಿದ ಹುಡುಗಿಯ ಮೇಲೆ ದಯವಿಟ್ಟು ಸಿಟ್ಟಾಗಬೇಡಿ. ಅವಳಿಗೆ ಆಗ ಬೇರೆ ದಾರಿ ಕಾಣಲಿಲ್ಲ.

ಮುಸುಕು ಅಂತ ನೀವೇ ಬರೆದಿದ್ದೀರಿ. ಅದರ ಬಗ್ಗೆ ಸ್ವಲ್ಪ ಮಾತಾಡಬೇಕು, ಯಾಕಂದ್ರೆ ಮುಸುಕು ಇರೋದೇ ಮುಚ್ಚಿಡೋಕೆ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಈಗಿನ ಇರಾಕ್ ಕಡೆ ಇದ್ದ ಅಸ್ಸೀರಿಯಾ ಅನ್ನುವ ರಾಜ್ಯದ, ಮೂರು ಸಾವಿರ ವರ್ಷಕ್ಕೂ ಹಿಂದಿನ ಕಾನೂನುಗಳು ಮಣ್ಣಿನ ಹಲಗೆಗಳ ಮೇಲೆ ಉಳಿದುಕೊಂಡಿವೆ. ಮದುವೆಯಾದ ಹೆಂಗಸರು, ವಿಧವೆಯರು ಬೀದಿಗೆ ಬರುವಾಗ ಮುಸುಕು ಹಾಕಲೇಬೇಕು ಅನ್ನುತ್ತವೆ ಅವು. ದಾಸಿಯರು, ವೇಶ್ಯೆಯರು ಹಾಕಲೇಬಾರದು. ಹಾಕಿದರೆ ಕ್ರೂರ ಶಿಕ್ಷೆ. ಅಂದರೆ ಆ ಬಟ್ಟೆ ಮುಚ್ಚಿದ್ದಕ್ಕಿಂತ ತೋರಿಸಿದ್ದೇ ಜಾಸ್ತಿ. ಇವಳು ಯಾರು, ಇವಳ ಸ್ಥಾನ ಏನು ಅಂತ ಬೀದಿಗೆಲ್ಲ ಸಾರುತ್ತಿತ್ತು. ಯಾರು ಹಾಕಬೇಕು ಅನ್ನೋದನ್ನು ಮಾತ್ರ ಹಾಕಿಕೊಳ್ಳುವವಳು ತೀರ್ಮಾನಿಸುತ್ತಿರಲಿಲ್ಲ.

ಸಹಾರಾ ಮರುಭೂಮಿಯ ಟುವಾರೆಗ್ ಜನರದ್ದು ಬೇರೆಯೇ ರೀತಿ. ಅವರಲ್ಲಿ ಮುಖಕ್ಕೆ ಮುಸುಕು ಹಾಕಿಕೊಳ್ಳುವವರು ಗಂಡಸರು. ಹೆಂಗಸರು ಮುಖ ಮುಚ್ಚಿಕೊಳ್ಳುವುದಿಲ್ಲ. ರಾಬರ್ಟ್ ಮರ್ಫಿ ಅನ್ನುವ ಮಾನವಶಾಸ್ತ್ರಜ್ಞರು 1964ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಆ ಗಂಡಸರು ಬಟ್ಟೆಯನ್ನು ಒಮ್ಮೆ ಕಟ್ಟಿ ಸುಮ್ಮನಾಗುವುದಿಲ್ಲ. ಎದುರಿಗೆ ಯಾರಿದ್ದಾರೆ ಅನ್ನೋದನ್ನು ನೋಡಿಕೊಂಡು ಏರಿಸುತ್ತಾರೆ, ಇಳಿಸುತ್ತಾರೆ. ಹೆಂಡತಿಯ ತಂದೆ ತಾಯಿಯೋ, ದೊಡ್ಡ ಸ್ಥಾನದಲ್ಲಿರುವವರೋ ಎದುರಿಗಿದ್ದರೆ ಬಟ್ಟೆ ಕಣ್ಣಿನ ಹತ್ತಿರದ ತನಕ ಹೋಗುತ್ತದೆ. ಸಲಿಗೆಯವರ ನಡುವೆ ಸಡಿಲವಾಗುತ್ತದೆ. ಎಷ್ಟು ತೋರಿಸಬೇಕು, ಯಾರಿಗೆ ತೋರಿಸಬೇಕು ಅನ್ನೋದು ಅವರವರ ಬೆರಳಲ್ಲೇ ಇರುತ್ತದೆ.

ನನಗೆ ನಿಮ್ಮ ಪತ್ರದಲ್ಲಿ ಕಂಡ ತೊಂದರೆ ಇಲ್ಲಿದೆ. ಮುಚ್ಚಿಟ್ಟುಕೊಳ್ಳುವುದು ತಪ್ಪೇನಲ್ಲ. ಒಳಗಿನದೆಲ್ಲವನ್ನೂ ಕಂಡಕಂಡವರ ಮುಂದೆ ಹರವಿಡಬೇಕು, ಹಾಗೆ ಮಾಡಿದರೇ ಪ್ರಾಮಾಣಿಕರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ನಿಮ್ಮ ಮುಸುಕಿನ ಅಂಚು ನಿಮ್ಮ ಕೈಯಲ್ಲಿಲ್ಲ. ಭಯದ ಕೈಯಲ್ಲಿದೆ. ಅದು ಗಂಡನನ್ನೂ ಅಪರಿಚಿತರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಎಲ್ಲರ ಮುಂದೆಯೂ ಒಂದೇ ಸಮ ಬಿಗಿಯಾಗಿ ಎಳೆದುಕೊಂಡಿದೆ. ಜೊತೆಗೆ ಆ ಮುಸುಕು ಜನರಿಗೆ ಏನನ್ನೋ ಹೇಳುತ್ತಲೂ ಇದೆ. ಗಂಭೀರ ಅಂತ ಕೆಲವರು ಓದಿಕೊಂಡಿದ್ದಾರೆ. ಜಂಬ ಅಂತ ಓದಿಕೊಂಡವರೂ ಇರಬಹುದು, ಅವರು ನಿಮಗೆ ಹೇಳಿರುವುದಿಲ್ಲ ಅಷ್ಟೇ. ನಿಮ್ಮ ಗಂಡ ಮೊನ್ನೆ ಅದನ್ನೇ 'ನಾನು ಆರಿಸಿದ್ದು ಇವಳಿಗೆ ಇಷ್ಟವಾಗಲಿಲ್ಲ' ಅಂತ ಓದಿಕೊಂಡರು. ಅದು ನಿಜ ಅಲ್ವಲ್ಲ? ಉಗ್ಗು ಮುಚ್ಚೋಕೆ ಹೋಗಿ ನಿಮ್ಮ ಇಷ್ಟ ಮುಚ್ಚಿಹೋಯಿತು. ನಿಮ್ಮ ಪತ್ರ ಓದುವಾಗ ನನಗೆ ಸಂಕಟವಾಗಿದ್ದು ಈ ಜಾಗದಲ್ಲಿ.

ನೀವು ಒಬ್ಬರೇ ಹೀಗೆ ಅಂದುಕೊಂಡಿದ್ದೀರೇನೋ. ಪದ ಬದಲಾಯಿಸಿ ಬದಲಾಯಿಸಿ ಉಗ್ಗನ್ನು ಪೂರ್ತಿ ಮರೆಮಾಡುವವರು ತುಂಬಾ ಜನ ಇದ್ದಾರೆ, ವಾಕ್ ಚಿಕಿತ್ಸಕರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಉಗ್ಗು ಇರುತ್ತದೆ. ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲಿ ಕಡಿಮೆ. ಹೆದರಿಕೆಯಿಂದ, ಬುದ್ಧಿ ಕಡಿಮೆಯಿಂದ, ಬೆಳೆಸಿದ ರೀತಿಯಿಂದ ಬರುವಂಥದ್ದಲ್ಲ ಇದು. ಮಾತನ್ನು ಹೊಂದಿಸುವ ಮಿದುಳಿನ ಕೆಲಸದಲ್ಲಿ ಇರುವ ವ್ಯತ್ಯಾಸ. ಎಷ್ಟೋ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಹಾಡುವಾಗ, ಎಲ್ಲರ ಜೊತೆ ಒಟ್ಟಿಗೆ ಓದುವಾಗ ಹೆಚ್ಚಿನವರಿಗೆ ಉಗ್ಗು ಬರುವುದೇ ಇಲ್ಲ. ಎಲ್ಲಕ್ಕಿಂತ ಕಷ್ಟ ಆಗುವುದು ಹೆಸರುಗಳಲ್ಲಿ, ಅದರಲ್ಲೂ ತಮ್ಮದೇ ಹೆಸರಿನಲ್ಲಿ. ಬೇರೆ ಯಾವ ಪದಕ್ಕಾದರೂ ಬದಲಿ ಪದ ಹುಡುಕಬಹುದು, ಹೆಸರಿಗೆ ಎಲ್ಲಿಂದ ಹುಡುಕೋದು? ಹಾಗಾಗಿ ನೀವು ಮಗುವಿನ ಹೆಸರಿನ ಮುಂದೆ ಬಂದು ನಿಂತುಬಿಟ್ಟಿದ್ದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ.

ಜೋಸೆಫ್ ಶೀಹನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ದರು. ಅವರಿಗೂ ಉಗ್ಗು ಇತ್ತು. ಉಗ್ಗು ಸಮುದ್ರದ ಹಿಮಗಡ್ಡೆಯ ಹಾಗೆ ಅನ್ನುತ್ತಿದ್ದರು ಅವರು. ಕಿವಿಗೆ ಬೀಳುವ ತಡವರಿಕೆ ನೀರಿನ ಮೇಲಿನ ಚೂರು. ನಾಚಿಕೆ, ಭಯ, ತಪ್ಪು ಮಾಡಿದ್ದೇನೆ ಅನ್ನೋ ಭಾವ, ಇದೆಲ್ಲ ಕೆಳಗೆ ಮುಳುಗಿರುವ ದೊಡ್ಡ ಭಾಗ. ನಿಮ್ಮ ವಿಷಯದಲ್ಲಿ ಮೇಲಿನ ಚೂರೂ ಕಾಣಿಸುವುದಿಲ್ಲ, ಪೂರ್ತಿ ನೀರಿನೊಳಗೇ ಇದೆ.

ಉಗ್ಗಿನ ಚಿಕಿತ್ಸೆಯ ಕ್ಷೇತ್ರದ ಇನ್ನೊಬ್ಬ ದೊಡ್ಡವರು ಚಾರ್ಲ್ಸ್ ವ್ಯಾನ್ ರೈಪರ್. ಅವರ ಕಥೆ ನೀವು ಕೇಳಲೇಬೇಕು. ಯುವಕರಾಗಿದ್ದಾಗ ಉಗ್ಗು ಎಷ್ಟು ಜೋರಾಗಿತ್ತು ಅಂದ್ರೆ, ಅದನ್ನು ಮುಚ್ಚಿಡೋಕೆ ಅವರು ಕಿವಿಯೂ ಕೇಳದ, ಮಾತೂ ಬಾರದ ಮೂಗನ ಹಾಗೆ ನಟಿಸಿ ಒಂದು ಕಡೆ ಹೊಲದ ಕೆಲಸಕ್ಕೆ ಸೇರಿಕೊಂಡಿದ್ದರಂತೆ. ಮುಚ್ಚಿಡುವ ಹಟ ಅಲ್ಲಿಯ ತನಕ ಕರೆದುಕೊಂಡು ಹೋಗುತ್ತದೆ ನೋಡಿ, ಉಗ್ಗೋದು ಬೇಡ ಅಂತ ಮಾತನ್ನೇ ಬಿಟ್ಟುಬಿಡುವ ತನಕ. ಆಮೇಲೆ ದಾರಿಯಲ್ಲಿ ಒಬ್ಬ ಮುದುಕ ಸಿಕ್ಕಿದನಂತೆ. ಅವನೂ ಉಗ್ಗುತ್ತಿದ್ದ. ಆದರೆ ಒದ್ದಾಡುತ್ತಿರಲಿಲ್ಲ, ಆರಾಮಾಗಿ ಉಗ್ಗಿಕೊಂಡೇ ಹೇಳಬೇಕಾದ್ದನ್ನು ಹೇಳುತ್ತಿದ್ದ. ಉಗ್ಗಿನ ಜೊತೆ ಜಗಳ ಆಡದೆಯೂ ಮಾತಾಡಬಹುದು ಅಂತ ವ್ಯಾನ್ ರೈಪರ್‌ಗೆ ಹೊಳೆದದ್ದು ಆವತ್ತು. ಮುಂದೆ ಅವರು ಕಟ್ಟಿದ ಚಿಕಿತ್ಸೆಯ ತಳಹದಿಯೂ ಇದೇ ಆಯಿತು. ಬೇಕೆಂದೇ, ಸಡಿಲವಾಗಿ, ಎದುರಿಗಿರುವವರ ಮುಂದೆ ಉಗ್ಗುವುದನ್ನು ಈಗಲೂ ಚಿಕಿತ್ಸೆಯಲ್ಲಿ ಅಭ್ಯಾಸ ಮಾಡಿಸುತ್ತಾರೆ. ಕೇಳೋಕೆ ವಿಚಿತ್ರ ಅನ್ನಿಸಬಹುದು. ಅಭ್ಯಾಸವಾಗುತ್ತಾ ಹೋದ ಹಾಗೆ ಭಯದ ಹಿಡಿತ ಸಡಿಲವಾಗುತ್ತದೆ.

ಇನ್ನು ಗಂಡನ ವಿಷಯ. ಹೇಳಿ. ನನ್ನ ಸಲಹೆ ಇದರಲ್ಲಿ ಸ್ಪಷ್ಟ. ಮಗು ಬರುವ ಮೊದಲೇ ಹೇಳಿ, ಆಮೇಲೆ ನಿಮಗಿಬ್ಬರಿಗೂ ನಿದ್ದೆ ಇರುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ಇಬ್ಬರೂ ಸುಸ್ತಾಗಿರದ, ಯಾರೂ ನಡುವೆ ಬರದ ಹೊತ್ತು ನೋಡಿ. 'ನನ್ನನ್ನು ಕ್ಷಮಿಸಿಬಿಡಿ' ಅಂತ ಮಾತ್ರ ಶುರು ಮಾಡಬೇಡಿ. ಉಗ್ಗು ಇರುವವರು ಅದನ್ನು ನೇರವಾಗಿ ತಿಳಿಸಿದಾಗ ಕೇಳುವವರು ಸಮಾಧಾನವಾಗಿ ತೆಗೆದುಕೊಳ್ಳುತ್ತಾರೆ, ಕ್ಷಮೆ ಕೇಳುವ ಧಾಟಿಯಲ್ಲಿ ಹೇಳಿದರೆ ಅಷ್ಟು ಒಳ್ಳೆಯ ಪರಿಣಾಮ ಆಗುವುದಿಲ್ಲ ಅಂತ ಸಂಶೋಧನೆಗಳೂ ತೋರಿಸಿವೆ. ನೀವೇ ತಪ್ಪಿನ ಹಾಗೆ ಹೇಳಿದರೆ ಅವರೂ ಅದನ್ನು ತಪ್ಪು ಅಂತಲೇ ಕೇಳಿಸಿಕೊಳ್ಳುತ್ತಾರೆ. ಹೀಗೆ ಹೇಳಿ ನೋಡಿ: 'ನಂಗೆ ಚಿಕ್ಕಂದಿನಿಂದ ಉಗ್ಗು ಇದೆ. ಪದ ಬದಲಾಯಿಸಿ ಮುಚ್ಚಿಟ್ಟುಕೊಂಡು ಬಂದಿದ್ದೀನಿ. ಆ ಹೆಸರು ನಂಗೆ ತುಂಬಾ ಇಷ್ಟ, ಹೇಳೋಕೆ ಭಯ ಆಗಿ ಬೇಡ ಅಂದೆ.' ಮೂರು ವಾಕ್ಯ ಸಾಕು. ಇದನ್ನು ಹೇಳುವಾಗ ಪದ ಬದಲಾಯಿಸಬೇಡಿ. ಸಿಕ್ಕಿಕೊಂಡರೆ ಸಿಕ್ಕಿಕೊಳ್ಳಲಿ. ಅವರು ಕಾಯಲಿ. ಆ ಹೆಸರನ್ನೂ ಅವರ ಮುಂದೆ ಜೋರಾಗಿ ಹೇಳಿ, ಎಷ್ಟು ಹೊತ್ತು ಹಿಡಿದರೂ ಪರವಾಗಿಲ್ಲ. ಬಾಯಿಬಿಟ್ಟು ಹೇಳೋದು ಆಗಲ್ಲ ಅನ್ನಿಸಿದರೆ ಬರೆದು ಕೊಡಿ, ಅವರು ಓದಿದ ಮೇಲೆ ಕೂತು ಮಾತಾಡಿ. ಬರೆದು ಕೊಟ್ಟರೂ ಹೇಳಿದ ಹಾಗೇ ಲೆಕ್ಕ.

ಅವರಿಗೆ ನೋವಾಗಬಹುದು. ಉಗ್ಗಿನಿಂದಲ್ಲ, 'ನನ್ನ ಹತ್ತಿರವೂ ಹೇಳಲಿಲ್ಲವಲ್ಲ' ಅಂತ. ಆ ನೋವು ನ್ಯಾಯವಾದದ್ದೇ, ಅದಕ್ಕೆ ಜಾಗ ಕೊಡಿ. ಸಮರ್ಥನೆಗೆ ಇಳಿಯಬೇಡಿ. 'ನಿಮ್ಮನ್ನು ನಂಬದೆ ಅಲ್ಲ, ನಾನು ಯಾರ ಹತ್ತಿರವೂ ಹೇಳಿದವಳೇ ಅಲ್ಲ' ಅನ್ನಿ, ಅದೇ ನಿಜ ಕೂಡ. ಎರಡು ದಿನ ಅವರು ಸುಮ್ಮನಿದ್ದರೆ ಅದನ್ನು ತಿರಸ್ಕಾರ ಅಂದುಕೊಂಡು ಗಾಬರಿ ಬೀಳಬೇಡಿ. ನೀವು ಇಷ್ಟು ವರ್ಷ ಹೊತ್ತು ಅಭ್ಯಾಸ ಆಗಿರುವ ವಿಷಯ ಅವರಿಗೆ ಇವತ್ತು ಹೊಸದು. ಹಳೆಯ ಎಷ್ಟೋ ಸಂದರ್ಭಗಳನ್ನು ಅವರು ಮತ್ತೆ ನೆನಪಿಸಿಕೊಂಡು, ಓ ಅದಕ್ಕೇನಾ ಆವತ್ತು ಹಾಗೆ ಮಾಡಿದ್ದು, ಅಂತ ಜೋಡಿಸಿಕೊಳ್ಳಬೇಕು. ಸಮಾಧಾನ ಮಾಡುವ ಭರದಲ್ಲಿ 'ಅಯ್ಯೋ ಗೊತ್ತೇ ಆಗಲ್ಲ, ಬಿಡು' ಅಂದರೂ ಅಂದಾರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಕೇಳಿದಾಗ ಮತ್ತೆ ಮುಚ್ಚಿಟ್ಟುಕೊಳ್ಳಬೇಕು ಅನ್ನಿಸುತ್ತದೆ. ಗೊತ್ತಾಗದಿರೋಕೆ ನೀವು ಎಷ್ಟು ದಣಿಯುತ್ತೀರಿ ಅನ್ನೋದನ್ನು ಆಗಲೇ ತಿಳಿಸಿ. ಅವರಿಂದ ನಿಮಗೆ ಬೇಕಾಗಿರುವುದು ಎರಡೇ: ಮಾತು ಮುಗಿಯುವ ತನಕ ಕಾಯಬೇಕು, ಅರ್ಧ ಪದವನ್ನು ತಾವು ತುಂಬಿಸಬಾರದು. ಇದನ್ನೂ ಬಾಯಿಬಿಟ್ಟೇ ಕೇಳಿ, ತಾವಾಗಿ ತಿಳಿದುಕೊಳ್ಳಲಿ ಅಂತ ಕಾಯಬೇಡಿ.

ಆಫೀಸಿಗೆ ಈಗಲೇ ಹೇಳಬೇಕಾಗಿಲ್ಲ. ಅದು ನಿಮ್ಮ ಇಷ್ಟ. ಆದರೆ ಗೊತ್ತಿರುವ ವಿಷಯಕ್ಕೆ 'ಗೊತ್ತಿಲ್ಲ' ಅನ್ನೋದನ್ನು ಮಾತ್ರ ಇವತ್ತಿನಿಂದ ಕಡಿಮೆ ಮಾಡಿ. ನಿಮ್ಮ ಕೆಲಸದ ತಿಳಿವಳಿಕೆ ಉಗ್ಗಿನ ಜೊತೆ ಮುಚ್ಚಿಹೋಗಬಾರದು. ಬಾಯಲ್ಲಿ ಆಗದಿದ್ದರೆ 'ಮೇಲ್ ಮಾಡ್ತೀನಿ' ಅನ್ನಿ. ಮುಂದೆ ಯಾವತ್ತೋ ಒಬ್ಬ ನಂಬಿಕೆಯ ಸಹೋದ್ಯೋಗಿಗೆ ಹೇಳಬೇಕು ಅನ್ನಿಸಿದರೆ ಹೇಳಿ, ಅನ್ನಿಸದಿದ್ದರೆ ಬಿಡಿ.

ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗುವುದು ಒಳ್ಳೆಯದು. ಹೋದಾಗ ಒಂದು ಎಚ್ಚರ ಇರಲಿ. ಅವರ ಮುಂದೆಯೂ ನೀವು ಪದ ಬದಲಾಯಿಸಿ ಸರಾಗವಾಗಿ ಮಾತಾಡಿಬಿಡುತ್ತೀರಿ, ಅವರು 'ನಿಮಗೇನೂ ತೊಂದರೆ ಇಲ್ಲವಲ್ಲ' ಅಂದುಬಿಡಬಹುದು. ಹಾಗಾಗಿ ಮೊದಲೇ ಹೇಳಿ, ನಾನು ಉಗ್ಗನ್ನು ಮುಚ್ಚಿಡುವವಳು ಅಂತ. ಉಗ್ಗು ಸಂಪೂರ್ಣ ಹೋಗುತ್ತದೆ ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಭಯ ಕಡಿಮೆ ಮಾಡಿ, ಆರಾಮಾಗಿ ಮಾತಾಡೋದನ್ನು ಕಲಿಸುವವರು ಸಿಕ್ಕಿದರೆ ಅವರನ್ನು ಬಿಡಬೇಡಿ.

ಮಗುವಿಗೆ ಬಂದರೆ ಅಂತ ಕೇಳಿದ್ದೀರಿ. ಬರಬಹುದು, ಬರದೆಯೂ ಇರಬಹುದು. ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ಒಳಗೆ ಉಗ್ಗು ಶುರುವಾಗುತ್ತದೆ. ಶುರುವಾದವರಲ್ಲೂ ಹೆಚ್ಚಿನ ಮಕ್ಕಳಿಗೆ ಅದು ಬೆಳೆಯುತ್ತಾ ಹೋಗಿಬಿಡುತ್ತದೆ, ಹುಡುಗಿಯರಲ್ಲಿ ಇನ್ನೂ ಬೇಗ ಹೋಗುವುದು ಜಾಸ್ತಿ. ನಿಮ್ಮನ್ನು ನೋಡಿ ಕಲಿತು ಮಗು ಉಗ್ಗುವುದಿಲ್ಲ, ಹಾಗಾಗಿ ಅದರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ಕಥೆ ಹೇಳಿ, ಹಾಡು ಹೇಳಿ, ತಡವರಿಸಿಕೊಂಡೇ ಮಾತಾಡಿಸಿ. ಮನೆಯಲ್ಲಿ ಉಗ್ಗಿನ ಇತಿಹಾಸ ಇರುವುದರಿಂದ, ಮಗು ಮಾತಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಅನ್ನಿಸಿದರೆ ತಾನಾಗಿ ಹೋಗಲಿ ಅಂತ ವರ್ಷಗಟ್ಟಲೆ ಕಾಯದೆ ಬೇಗ ತೋರಿಸಿ. ಅಲ್ಲಿಯ ತನಕ 'ನಿಧಾನಕ್ಕೆ ಹೇಳು', 'ಉಸಿರು ತಗೊಂಡು ಹೇಳು' ಅಂತ ತಿದ್ದಬೇಡಿ, ಯಾರಿಗೂ ತಿದ್ದೋಕೆ ಬಿಡಬೇಡಿ. ಅದು ಏನು ಹೇಳುತ್ತಿದೆ ಅನ್ನೋದನ್ನು ಕೇಳಿಸಿಕೊಳ್ಳಿ, ಹೇಗೆ ಹೇಳುತ್ತಿದೆ ಅನ್ನೋದನ್ನು ಬಿಟ್ಟುಬಿಡಿ. ಗಂಡನ ಹತ್ತಿರ ಮಾತಾಡಿದ ಮೇಲೆ ಏನಾಯಿತು ಅಂತ ನನಗೆ ಬರೆಯಿರಿ, ಪ್ರಕಟಿಸುವುದು ಬೇಡ ಅಂದರೆ ಹಾಗೇ ಸೂಚಿಸಿ, ಓದಿ ಉತ್ತರ ಬರೆಯುತ್ತೇನೆ.